ಸಸ್ಪೆಕ್ಟ್ ಎಕ್ಸ್: ಓಡಿಸಿಕೊಂಡು ಹೋಗುವ ಕೊಲೆ ಕಾದಂಬರಿಯನ್ನು ಓದೋದು ಹೇಗೆ?

ಇಂಟರ್ನಲ್ಸ್ ಮುಗಿದ ವಾರ ಹಾಸ್ಟೆಲ್ ರೂಮಲ್ಲಿ ಕೂತು ಒಂದೆರಡು ರಾತ್ರಿಯಲ್ಲಿ ಮುಗಿಸಬಹುದಾದ ಪುಸ್ತಕ ಯಾವುದಾದರೂ ಹೇಳಿ ಅಂತ ಯಾರಾದರೂ ಕೇಳಿದರೆ, ಧೈರ್ಯವಾಗಿ ಹೇಳಬಹುದಾದ ಒಂದು ಹೆಸರು ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಜಪಾನಿನ ಕೀಗೋ ಹಿಗಶಿನೋ ಬರೆದ ಕೊಲೆ ಕಾದಂಬರಿ ಇದು. ಜಪಾನಿ ಭಾಷೆಯಲ್ಲಿ ಪುಸ್ತಕವಾಗಿ ಬಂದದ್ದು 2005ರಲ್ಲಿ, ಇಂಗ್ಲಿಷಿಗೆ ಬಂದದ್ದು 2011ರಲ್ಲಿ. ಸುಜಯ್ ಘೋಷ್ ನಿರ್ದೇಶನದ ‘ಜಾನೇ ಜಾನ್’ ಅನ್ನೋ ಹಿಂದಿ ಸಿನಿಮಾವನ್ನು 2023ರಲ್ಲಿ ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ಮೂಲ ಇದೇ ಕಾದಂಬರಿ.

ಇಂಥ ಪುಸ್ತಕಕ್ಕೆ ‘ಓದೋದು ಹೇಗೆ’ ಅಂತ ಪಾಠ ಬೇರೆ ಬೇಕಾ ಅಂತ ನೀವು ಕೇಳಬಹುದು. ಪುಟ ತಾನಾಗೇ ತಿರುಗುತ್ತೆ, ಕೊನೆಗೆ ಬಾಯಿ ಮೇಲೆ ಕೈ ಇಟ್ಕೊಂಡು ಕೂರ್ತೀವಿ, ಆಮೇಲೆ ಪಕ್ಕದ ರೂಮಿನವನಿಗೆ ಕೊಡ್ತೀವಿ. ಅಷ್ಟೇ ಅಲ್ವಾ? ಅಷ್ಟೇ ಮಾಡಿದರೂ ನಷ್ಟವೇನಿಲ್ಲ. ಆದರೆ ಈ ಪುಸ್ತಕದ ವೇಗವನ್ನು ಲೇಖಕ ಬೇಕಂತಲೇ ಲೆಕ್ಕ ಹಾಕಿ ಇಟ್ಟಿದ್ದಾನೆ. ನಾವು ಓಡುತ್ತಿರುವಾಗ ನಮ್ಮ ಕಣ್ಣೆದುರೇ ಒಂದು ವಿಷಯ ದಾಟಿ ಹೋಗುತ್ತದೆ. ಏನು ದಾಟಿ ಹೋಯ್ತು, ಯಾಕೆ ನಮಗೆ ಕಾಣಲಿಲ್ಲ ಅನ್ನೋದನ್ನ ಯೋಚಿಸಿದಾಗಲೇ ಪುಸ್ತಕ ಪೂರ್ತಿ ಓದಿದಂತೆ. ಈ ಲೇಖನ ಅದಕ್ಕಾಗಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಲೇಖನದ ಮೊದಲ ಭಾಗವನ್ನು ಯಾರು ಬೇಕಾದರೂ ಓದಬಹುದು, ಗುಟ್ಟು ಬಿಟ್ಟುಕೊಟ್ಟಿಲ್ಲ. ಎರಡನೇ ಭಾಗ ಪುಸ್ತಕ ಮುಗಿಸಿದವರಿಗೆ ಮಾತ್ರ. ಎಲ್ಲಿ ನಿಲ್ಲಿಸಬೇಕು ಅಂತ ಅಲ್ಲೇ ಹೇಳಿದ್ದೇನೆ.

ಬರೆದವನೂ ಒಬ್ಬ ಎಂಜಿನಿಯರ್

ಹಿಗಶಿನೋ ಹುಟ್ಟಿದ್ದು 1958ರಲ್ಲಿ, ಒಸಾಕಾದಲ್ಲಿ. ಒಸಾಕಾ ಪ್ರಿಫೆಕ್ಚರ್ ಯೂನಿವರ್ಸಿಟಿಯಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1981ರಲ್ಲಿ ವಾಹನದ ಬಿಡಿಭಾಗ ತಯಾರಿಸುವ ನಿಪ್ಪಾನ್ ಡೆನ್ಸೋ ಕಂಪನಿಯಲ್ಲಿ ಎಂಜಿನಿಯರ್ ಆಗಿ ಸೇರಿದ. ಹಗಲು ಕೆಲಸ, ಬಿಡುವಿನಲ್ಲಿ ಬರವಣಿಗೆ. 1985ರಲ್ಲಿ ‘ಹೋಕಾಗೊ’, ಅಂದರೆ ‘ಶಾಲೆ ಬಿಟ್ಟ ಮೇಲೆ’ ಅನ್ನೋ ಕಾದಂಬರಿಗೆ ಎಡೊಗಾವಾ ರಾಂಪೊ ಪ್ರಶಸ್ತಿ ಬಂತು. ಮರುವರ್ಷ ಕೆಲಸ ಬಿಟ್ಟು ಟೋಕಿಯೋಗೆ ಹೋದ. ಅಲ್ಲಿಂದ ಮುಂದೆ ಪೂರ್ಣಾವಧಿ ಲೇಖಕ. ಆದರೂ ದೊಡ್ಡ ಗೌರವ ಬೇಗ ಸಿಗಲಿಲ್ಲ. ಜಪಾನಿನ ಪ್ರತಿಷ್ಠಿತ ನವೋಕಿ ಪ್ರಶಸ್ತಿಗೆ ಐದು ಸಲ ಹೆಸರು ಬಂದು ಕೈತಪ್ಪಿ, ಆರನೇ ಸಲ ಬಂತು. ಅದು ಇದೇ ‘ಸಸ್ಪೆಕ್ಟ್ ಎಕ್ಸ್’ಗೆ, 2006ರ ಆರಂಭದಲ್ಲಿ.

ಎಂಜಿನಿಯರ್ ಆಗಿದ್ದ ಅನ್ನೋದು ಬರೀ ಬಯೋಡೇಟಾ ವಿಷಯ ಅಲ್ಲ. ಕಾದಂಬರಿ ಕಟ್ಟಿರುವ ರೀತಿಯಲ್ಲೇ ಅದು ಕಾಣುತ್ತೆ. ಇಲ್ಲಿ ಅನಗತ್ಯ ಭಾಗ ಅಂತ ಇಲ್ಲ. ಅಲಂಕಾರಕ್ಕೆ ಇಟ್ಟಂತೆ ಕಾಣುವ ನಟ್ಟು ಬೋಲ್ಟು ಕೂಡ ಎಲ್ಲೋ ಒಂದು ಕಡೆ ಭಾರ ಹೊತ್ತಿರುತ್ತೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಜಪಾನಿ ಪತ್ತೇದಾರಿಯ ಎರಡು ದಾರಿ

ಜಪಾನಿನಲ್ಲಿ ಪತ್ತೇದಾರಿ ಕಥೆಗೆ ನೂರು ವರ್ಷದ ಇತಿಹಾಸ ಇದೆ. ಹಿರಾಯ್ ತಾರೊ ಅನ್ನುವವನು 1923ರಲ್ಲಿ ತನ್ನ ಮೊದಲ ಪತ್ತೇದಾರಿ ಕಥೆ ಪ್ರಕಟಿಸಿದ. ಅವನಿಟ್ಟುಕೊಂಡ ಹೆಸರು ಎಡೊಗಾವಾ ರಾಂಪೊ. ಬೇಗ ಬೇಗ ಹೇಳಿ ನೋಡಿ, ‘ಎಡ್ಗರ್ ಅಲನ್ ಪೋ’ ಅಂತ ಕೇಳಿಸುತ್ತೆ. ಹಿಗಶಿನೋಗೆ ಬಂದ ಮೊದಲ ಪ್ರಶಸ್ತಿ ಈತನ ಹೆಸರಿನದ್ದೇ.

ಅಲ್ಲಿಂದ ಮುಂದೆ ಎರಡು ದಾರಿ ಆಯಿತು. ಒಂದು ‘ಹೊನ್‌ಕಾಕು’. ಹಾಗಂದರೆ ಅಪ್ಪಟ, ಶುದ್ಧ ಬಗೆಯದು ಅಂತ. ಇದರಲ್ಲಿ ಕೊಲೆ ಒಂದು ಒಗಟು. ಪತ್ತೇದಾರನಿಗೆ ಸಿಕ್ಕ ಸುಳಿವುಗಳೆಲ್ಲ ಓದುಗನಿಗೂ ಸಿಗಬೇಕು, ಲೇಖಕ ಮೋಸ ಮಾಡಬಾರದು. ಮುಚ್ಚಿದ ಕೋಣೆಯೊಳಗಿನ ಕೊಲೆ, ದ್ವೀಪದಲ್ಲಿ ಸಿಕ್ಕಿಬಿದ್ದ ಗೆಳೆಯರು, ಇಂಥವೆಲ್ಲ ಈ ದಾರಿಯವು. ಸೇಶಿ ಯೊಕೊಮಿಜೊ 1946ರಲ್ಲಿ ಬರೆದ ಹೊಂಜಿನ್ ಮನೆಯ ಕೊಲೆಗಳ ಕಥೆ, ಯುಕಿತೊ ಅಯಾತ್ಸುಜಿ 1987ರಲ್ಲಿ ಬರೆದ ದಶಭುಜ ಮನೆಯ ಕೊಲೆಗಳ ಕಥೆ ಇದಕ್ಕೆ ಒಳ್ಳೆ ಉದಾಹರಣೆ.

ಇನ್ನೊಂದು ‘ಶಾಕಾಯ್‌ಹಾ’, ಸಾಮಾಜಿಕ ಪಂಥ. ಇದಕ್ಕೆ ದೊಡ್ಡ ಹೆಸರು ಸೇಚೊ ಮತ್ಸುಮೊತೊ. ಇಲ್ಲಿ ಯಾರು ಕೊಂದರು, ಹೇಗೆ ಕೊಂದರು ಅನ್ನೋದರ ಜೊತೆಗೆ, ಈ ಕೊಲೆಯನ್ನು ಸಾಧ್ಯ ಮಾಡಿದ ಸಮಾಜ ಎಂಥದ್ದು ಅನ್ನೋ ಪ್ರಶ್ನೆಯೂ ಬರುತ್ತೆ. 1958ರಲ್ಲಿ ಪುಸ್ತಕವಾದ ಅವನ ‘ತೆನ್ ತೊ ಸೆನ್’, ಅಂದರೆ ‘ಬಿಂದು ಮತ್ತು ರೇಖೆ’, ಸರ್ಕಾರಿ ಲಂಚದ ಹಗರಣವೊಂದರ ಸುತ್ತ ಹೆಣೆದ ಕಥೆ. ಜೊತೆಗೆ ರೈಲ್ವೆ ಟೈಮ್‌ಟೇಬಲ್ಲಿನ ಒಗಟೂ ಹೌದು. ಟೋಕಿಯೋ ಸ್ಟೇಷನ್ನಿನ 13ನೇ ಪ್ಲಾಟ್‌ಫಾರ್ಮಿನಿಂದ 15ನೇ ಪ್ಲಾಟ್‌ಫಾರ್ಮು ಕಾಣಬೇಕಾದರೆ ನಡುವೆ ಯಾವ ರೈಲೂ ನಿಂತಿರಬಾರದು. ದಿನದ ಆ ಹೊತ್ತಿನಲ್ಲಿ ಅಂಥ ಅವಕಾಶ ಇರೋದು ಬರೀ 4 ನಿಮಿಷ. ಇಡೀ ಕಥೆ ಆ 4 ನಿಮಿಷದ ಮೇಲೆ ನಿಂತಿದೆ.

‘ಸಸ್ಪೆಕ್ಟ್ ಎಕ್ಸ್’ ಮೇಲ್ನೋಟಕ್ಕೆ ಮೊದಲನೇ ದಾರಿಯದ್ದು. ಓದಿ ಮುಗಿಸಿ ತಿರುಗಿ ನೋಡಿದರೆ ಎರಡನೇ ದಾರಿಯೂ ಅದರ ಕೆಳಗೇ ಹರಿದಿತ್ತು ಅಂತ ಗೊತ್ತಾಗುತ್ತೆ.

ಕಥೆ, ಹೇಳಬಹುದಾದಷ್ಟು

ಯಾಸುಕೊ ಅನ್ನುವ ಹೆಂಗಸು, ಅವಳ ಮಗಳು ಮಿಸಾತೊ, ಟೋಕಿಯೋದ ಒಂದು ಸಾಧಾರಣ ಅಪಾರ್ಟ್‌ಮೆಂಟಲ್ಲಿ ಇದ್ದಾರೆ. ಯಾಸುಕೊ ಬೆಂತೊ ಅಂಗಡಿಯಲ್ಲಿ ಕೆಲಸ ಮಾಡ್ತಾಳೆ. ಬೆಂತೊ ಅಂದರೆ ಡಬ್ಬಿ ಊಟ. ಪಕ್ಕದ ಮನೆಯಲ್ಲಿ ಇಶಿಗಾಮಿ ಅನ್ನುವ ಹೈಸ್ಕೂಲ್ ಗಣಿತ ಮೇಷ್ಟ್ರು. ದಿನಾ ಬೆಳಗ್ಗೆ ಅದೇ ಅಂಗಡಿಯಿಂದ ಊಟ ಕಟ್ಟಿಸಿಕೊಂಡು ಶಾಲೆಗೆ ಹೋಗ್ತಾನೆ. ಊಟಕ್ಕಿಂತ ಹೆಚ್ಚಾಗಿ ಅವಳನ್ನು ನೋಡೋಕೆ ಅಂತ ಅಂಗಡಿಯವರಿಗೂ ಗೊತ್ತು.

ಯಾಸುಕೊಳ ಮಾಜಿ ಗಂಡ ತೊಗಾಶಿ, ವಿಚ್ಛೇದನ ಆದಮೇಲೂ ಬೆನ್ನು ಬಿಡದೆ ಹಣಕ್ಕೆ ಪೀಡಿಸುವವನು, ಒಂದು ಸಂಜೆ ಮನೆಗೇ ಬರುತ್ತಾನೆ. ಜಗಳ ಕೈಮೀರಿ ತಾಯಿ ಮಗಳು ಸೇರಿ ಅವನನ್ನು ಕೊಂದುಬಿಡುತ್ತಾರೆ. ಕೊರಳಿಗೆ ಬಿಗಿದದ್ದು ಕೊತಾತ್ಸುವಿನ ವೈರು. ಕೊತಾತ್ಸು ಅಂದರೆ ಕೆಳಗೆ ಹೀಟರ್ ಇರುವ, ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು, ಚಳಿಗಾಲದಲ್ಲಿ ಕಾಲಿಟ್ಟು ಕೂರೋಕೆ. ಗೋಡೆಯಾಚೆ ಸದ್ದು ಕೇಳಿಸಿಕೊಂಡ ಇಶಿಗಾಮಿ ಬಂದು ಬಾಗಿಲು ತಟ್ಟುತ್ತಾನೆ. ಎಲ್ಲ ನಾನು ನೋಡ್ಕೋತೀನಿ ಅನ್ನುವ ಧಾಟಿಯಲ್ಲಿ ಕೆಲಸಕ್ಕೆ ಇಳಿಯುತ್ತಾನೆ.

ಇಷ್ಟೂ ಆಗೋದು ಪುಸ್ತಕದ ಶುರುವಿನಲ್ಲೇ. ಕೊಂದವರು ಯಾರು, ಸತ್ತವನು ಯಾರು, ಆಯುಧ ಯಾವುದು, ಕಾರಣ ಏನು, ಸಹಾಯಕ್ಕೆ ಬಂದವನು ಯಾರು, ಎಲ್ಲವೂ ನಮಗೆ ಗೊತ್ತು. ಇಂಥ ಕಥೆಗೆ ‘ತಿರುಗುಮುರುಗು ಪತ್ತೇದಾರಿ’ ಅನ್ನಬಹುದು. ಬ್ರಿಟಿಷ್ ಲೇಖಕ ಆಸ್ಟಿನ್ ಫ್ರೀಮನ್ 1912ರಲ್ಲೇ ಇದನ್ನು ಮಾಡಿ ತೋರಿಸಿದ್ದ. ಅಮೆರಿಕದ ‘ಕೊಲಂಬೊ’ ಟಿವಿ ಸರಣಿ ಇದನ್ನು ಮನೆಮಾತು ಮಾಡಿತು. ಕೊಲೆಗಾರ ನಮಗೆ ಗೊತ್ತು, ಪತ್ತೇದಾರ ಹೇಗೆ ಹಿಡೀತಾನೆ ಅನ್ನೋದೇ ಕುತೂಹಲ.

ಮಾರ್ಚ್ 11ರಂದು ಎಡೊಗಾವಾ ನದಿಯ ಹಳೇ ಹರಿವಿನ ದಂಡೆಯಲ್ಲಿ ಒಂದು ಶವ ಸಿಗುತ್ತೆ. ಮುಖ ಜಜ್ಜಿದೆ, ಬೆರಳ ತುದಿ ಸುಟ್ಟಿದೆ. ಸಾವು 10ನೇ ತಾರೀಖು ಸಂಜೆಯ ಮೇಲೆ ಆಗಿದೆ ಅಂತ ಪೊಲೀಸರ ಲೆಕ್ಕ. ತನಿಖಾಧಿಕಾರಿ ಕುಸನಾಗಿ ಯಾಸುಕೊಳ ಮನೆಗೆ ಬರುತ್ತಾನೆ. ಆ ಸಂಜೆ ನಾವು ಸಿನಿಮಾಗೆ ಹೋಗಿದ್ವಿ, ಆಮೇಲೆ ರಾಮೆನ್ ತಿಂದು ಕರಿಯೊಕೆಗೆ ಹೋದ್ವಿ ಅಂತಾಳೆ. ಸಾಕ್ಷಿಗಳೂ ಇವೆ. ಆದರೆ ಗಟ್ಟಿಯೂ ಅಲ್ಲ, ಟೊಳ್ಳೂ ಅಲ್ಲ. ಗೊಂದಲಕ್ಕೆ ಬಿದ್ದ ಕುಸನಾಗಿ ತನ್ನ ಕಾಲೇಜು ಗೆಳೆಯ, ಭೌತಶಾಸ್ತ್ರದ ಮೇಷ್ಟ್ರು ಯುಕಾವಾನ ಹತ್ತಿರ ಮಾತಾಡುತ್ತಾನೆ. ಯುಕಾವಾ ಮತ್ತು ಇಶಿಗಾಮಿ ಒಂದೇ ಯೂನಿವರ್ಸಿಟಿಯಲ್ಲಿ ಓದಿದವರು ಅಂತ ಆಗ ಗೊತ್ತಾಗುತ್ತೆ. ಅಲ್ಲಿಂದ ಇದು ಪೊಲೀಸು ಮತ್ತು ಅಪರಾಧಿಯ ಆಟಕ್ಕಿಂತ, ಒಬ್ಬರನ್ನೊಬ್ಬರು ಮೆಚ್ಚುವ ಇಬ್ಬರು ಬುದ್ಧಿವಂತರ ಆಟ ಆಗುತ್ತೆ.

ವೇಗ ಎಲ್ಲಿಂದ ಬರುತ್ತೆ?

ಇಲ್ಲಿ ಕಾರ್ ಚೇಸ್ ಇಲ್ಲ, ಎರಡನೇ ಮೂರನೇ ಹೆಣ ಬೀಳುತ್ತಾ ಹೋಗೋದಿಲ್ಲ. ಜನ ಮಾತಾಡುತ್ತಾರೆ, ನಡೆಯುತ್ತಾರೆ, ಟೀ ಕುಡಿಯುತ್ತಾರೆ. ಆದರೂ ಯಾಕೆ ಓಡುತ್ತೆ?

ಮೊದಲನೇ ಕಾರಣ, ನಮಗೆ ಪೊಲೀಸರಿಗಿಂತ ಹೆಚ್ಚು ಗೊತ್ತು. ಕುಸನಾಗಿ ಕದ ತಟ್ಟಿದಾಗೆಲ್ಲ ನಮ್ಮ ಎದೆಯೂ ಹೊಡೆದುಕೊಳ್ಳುತ್ತೆ, ಯಾಕಂದ್ರೆ ನಾವು ಆಗಲೇ ತಾಯಿ ಮಗಳ ಪಕ್ಷ ಸೇರಿದ್ದೀವಿ.

ಎರಡನೇ ಕಾರಣ, ಪ್ರತಿ ಅಧ್ಯಾಯವೂ ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಟ್ಟು ಇನ್ನೊಂದನ್ನು ಹುಟ್ಟಿಸಿ ಮುಗಿಯುತ್ತೆ. ಇದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ. ಆ ಅಭ್ಯಾಸ ಉಳಿದುಕೊಂಡಿದೆ.

ಮೂರನೇ ಕಾರಣ ಎಲ್ಲಕ್ಕಿಂತ ಮುಖ್ಯ. ಲೇಖಕ ವಾಕ್ಯವನ್ನು ಸರಳವಾಗಿ, ಬಣ್ಣ ಹಚ್ಚದೆ ಬರೆಯುತ್ತಾನೆ. ಎಲ್ಲೂ ತಡೆಯಿಲ್ಲ. ಸ್ಪೀಡ್‌ಬ್ರೇಕರ್ ಇಲ್ಲದ ರಸ್ತೆಯಲ್ಲಿ ಪಕ್ಕದಲ್ಲಿರುವವರು ನಮಗೆ ಕಾಣೋದಿಲ್ಲ, ಹಾಗೆ.

ಪೆನ್ನು ಹಿಡಿದು ಓದಿ

ಮೊದಲು ಹೆಸರಿನ ತೊಡಕು. ಜಪಾನಿ ಹೆಸರು ಶುರುವಿನಲ್ಲಿ ಕಲಸಿಹೋಗುತ್ತೆ. ಗಂಡಸರನ್ನು ಹೆಚ್ಚಾಗಿ ಮನೆತನದ ಹೆಸರಿನಿಂದ ಕರೆಯುತ್ತಾರೆ: ಇಶಿಗಾಮಿ, ಯುಕಾವಾ, ಕುಸನಾಗಿ, ತೊಗಾಶಿ. ತಾಯಿ ಮಗಳನ್ನು ಮಾತ್ರ ಕಥೆ ಸ್ವಂತ ಹೆಸರಿನಿಂದ ಕರೆಯುತ್ತೆ: ಯಾಸುಕೊ, ಮಿಸಾತೊ. ಮೊದಲ ಪುಟದಲ್ಲೇ ಈ ಆರು ಹೆಸರು, ಅವರು ಯಾರು ಅನ್ನೋದನ್ನ ಬರೆದಿಟ್ಟುಕೊಳ್ಳಿ. ಅರ್ಧ ಕಷ್ಟ ಕಳೆಯಿತು.

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಒಂದನೇದು ‘ಕಥೆ ಹೇಳಿದ್ದು’. ಎರಡನೇದು ‘ಪಾತ್ರ ಹೇಳಿದ್ದು’. ಮೂರನೇದು ‘ನಾನು ಅಂದುಕೊಂಡದ್ದು’. ಯಾವ ವಿಷಯ ಗೊತ್ತಾದರೂ ಸರಿಯಾದ ಕಾಲಂಗೆ ಹಾಕಿ. ಲೆಕ್ಕ ಬಿಡಿಸುವಾಗ ದತ್ತಾಂಶ ಯಾವುದು, ಊಹೆ ಯಾವುದು ಅಂತ ಬೇರೆ ಮಾಡ್ತೀವಲ್ಲ, ಅದೇ. ಕೊನೆಗೆ ನೋಡಿದರೆ ಮೊದಲ ಎರಡು ಕಾಲಂನಲ್ಲಿ ದೊಡ್ಡ ತಪ್ಪು ಸಿಗೋದಿಲ್ಲ. ಮೂರನೇ ಕಾಲಂ ಖಾಲಿ ಬಿಟ್ಟಿದ್ದರೆ ಮಾತ್ರ ಎಚ್ಚರಿಕೆ. ನೀವು ಏನನ್ನೂ ಅಂದುಕೊಂಡಿಲ್ಲ ಅಂತಲ್ಲ, ಅಂದುಕೊಂಡದ್ದು ನಿಮಗೇ ಗೊತ್ತಾಗಿಲ್ಲ ಅಂತ ಅದರ ಅರ್ಥ.

ಕೊನೆಯದಾಗಿ, ತಾರೀಖು ಮತ್ತು ಸಮಯದ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆ ಮೇಲೆ ಪ್ರತಿ ಘಟನೆಯನ್ನೂ ಇಡುವಾಗ ‘ಇದು ನನಗೆ ಹೇಗೆ ಗೊತ್ತು?’ ಅಂತ ಒಮ್ಮೆ ಕೇಳಿಕೊಳ್ಳಿ.

ಕಥೆಯೊಳಗಿನ ಗಣಿತ

ಗಣಿತ ಇಲ್ಲಿ ಶೋಕಿಗೆ ಬಂದಿಲ್ಲ. ಮೂರು ಕಡೆ ಗಮನಿಸಿ.

ಮೊದಲನೇದು ನಾಲ್ಕು ಬಣ್ಣದ ಪ್ರಮೇಯ. ಯಾವ ನಕ್ಷೆಯನ್ನಾದರೂ, ಅಕ್ಕಪಕ್ಕದ ಪ್ರದೇಶಗಳಿಗೆ ಒಂದೇ ಬಣ್ಣ ಬಾರದ ಹಾಗೆ, ನಾಲ್ಕೇ ಬಣ್ಣದಲ್ಲಿ ತುಂಬಬಹುದು ಅನ್ನೋದು ಅದರ ಸಾರ. 1976ರಲ್ಲಿ ಅಪೆಲ್ ಮತ್ತು ಹಾಕೆನ್ ಇದನ್ನು ಕಂಪ್ಯೂಟರ್ ಸಹಾಯದಿಂದ ಸಾಧಿಸಿದರು. ಸಾವಿರಾರು ಸಾಧ್ಯತೆಗಳನ್ನು ಯಂತ್ರ ಪರೀಕ್ಷಿಸಿತು. ವಿದ್ಯಾರ್ಥಿ ಇಶಿಗಾಮಿಗೆ ಆ ಸಾಧನೆ ಸುಂದರವಾಗಿ ಕಾಣಲಿಲ್ಲ, ಅದಕ್ಕೆ ಕೈಯಲ್ಲೇ ಮಾಡಲು ಹೊರಟಿದ್ದ. ಯುಕಾವಾನ ಪರಿಚಯ ಆದದ್ದು ಆಗಲೇ. ಈ ಮನುಷ್ಯನಿಗೆ ಉತ್ತರ ಸರಿಯಿದ್ದರೆ ಸಾಲದು, ಚಂದವೂ ಇರಬೇಕು. ಈ ಗುಣ ಮುಂದೆ ಭಯ ಹುಟ್ಟಿಸುತ್ತೆ.

ಎರಡನೇದು ಪಿ ಮತ್ತು ಎನ್‌ಪಿ. ಕಂಪ್ಯೂಟರ್ ಸೈನ್ಸಿನವರಿಗೆ ಗೊತ್ತೇ ಇದೆ: ಒಂದು ಉತ್ತರ ಸರಿಯೇ ಅಂತ ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳನ್ನೆಲ್ಲ ಬೇಗ ಬಿಡಿಸಲೂ ಸಾಧ್ಯವೇ ಅನ್ನೋ ಪ್ರಶ್ನೆ. 2000ದಲ್ಲಿ ಕ್ಲೇ ಗಣಿತ ಸಂಸ್ಥೆ ಇದಕ್ಕೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿದೆ, ಇನ್ನೂ ಯಾರಿಗೂ ಸಿಕ್ಕಿಲ್ಲ. ಕಾದಂಬರಿಯಲ್ಲಿ ಯುಕಾವಾ ಇದನ್ನೇ ಒಂದಿಷ್ಟು ತಿರುಗಿಸಿ ಇಶಿಗಾಮಿಯ ಮುಂದಿಡುತ್ತಾನೆ: ಯಾರೂ ಬಿಡಿಸಲಾಗದ ಸಮಸ್ಯೆಯನ್ನು ಕಟ್ಟೋದು ಕಷ್ಟವಾ, ಅದನ್ನು ಬಿಡಿಸೋದು ಕಷ್ಟವಾ? ಇಬ್ಬರೂ ಗಣಿತದ ಮಾತಾಡುತ್ತಿದ್ದಾರೆ, ಇಬ್ಬರೂ ಗಣಿತದ ಮಾತಾಡುತ್ತಿಲ್ಲ.

ಮೂರನೇದು ಪರೀಕ್ಷೆಯ ಪ್ರಶ್ನೆಪತ್ರಿಕೆ. ಇಶಿಗಾಮಿ ತನ್ನ ಶಾಲೆಯ ಪ್ರಶ್ನೆಗಳನ್ನು ಹೇಗೆ ಮಾಡ್ತಾನೆ ಅಂತ ಒಂದು ಕಡೆ ಹೇಳುತ್ತಾನೆ. ನೋಡೋಕೆ ಜ್ಯಾಮಿತಿಯ ಲೆಕ್ಕದ ಹಾಗಿರುತ್ತೆ, ಆದರೆ ನಿಜದಲ್ಲಿ ಅದು ಬೇರೆ ಬಗೆಯ ಲೆಕ್ಕ. ಹುಡುಗರು ಪ್ರಶ್ನೆಯ ವೇಷ ನೋಡಿ ಅದೇ ದಾರಿಯಲ್ಲಿ ಓಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇದನ್ನು ಪುಸ್ತಕದಲ್ಲಿ ನೀವು ದಾಟುವಾಗ ಅಡಿಗೆರೆ ಎಳೆಯಿರಿ. ಲೇಖಕ ನಿಮಗೆ ಕೀಲಿಕೈ ಕೊಟ್ಟಾಯಿತು. ಬೀಗ ಎಲ್ಲಿದೆ ಅಂತ ಹೇಳಿಲ್ಲ, ಅಷ್ಟೇ.

ಇಲ್ಲಿಗೆ ಮೊದಲ ಭಾಗ ಮುಗಿಯಿತು. ಪುಸ್ತಕ ಓದದೇ ಇರುವವರು ಇಲ್ಲೇ ನಿಲ್ಲಿಸಿ. ಸಿನಿಮಾಕ್ಕಿಂತ ಮೊದಲು ಪುಸ್ತಕ ಓದಿ. ಮುಗಿಸಿ ಬನ್ನಿ, ಉಳಿದದ್ದು ಇಲ್ಲೇ ಇರುತ್ತೆ.

ಓದಿ ಮುಗಿಸಿದವರಿಗೆ ಮಾತ್ರ

ಈಗ ನಿಮ್ಮ ಗೆರೆ ತೆಗೆಯಿರಿ. ತೊಗಾಶಿಯ ಕೊಲೆಯನ್ನು ಯಾವ ತಾರೀಖಿನ ಮೇಲೆ ಇಟ್ಟಿದ್ದೀರಿ? ಬಹುತೇಕ ಎಲ್ಲರೂ ಮಾರ್ಚ್ 10 ಅಂತಲೇ ಬರೆದಿರುತ್ತಾರೆ. ಯಾರು ಹೇಳಿದರು? ಕಥೆ ಹೇಳಲಿಲ್ಲ. ಕೊಲೆಯ ಸಂಜೆ ಯಾವ ತಾರೀಖು ಅನ್ನೋದನ್ನ ಮೊದಲ ಅಧ್ಯಾಯ ಎಲ್ಲೂ ಹೇಳೋದಿಲ್ಲ. ಒಂದು ಕೊಲೆ ನೋಡಿದ್ವಿ, ಆಮೇಲೆ ಒಂದು ಶವ ಸಿಕ್ತು. ಎರಡೂ ಒಂದೇ ಅಂತ ಜೋಡಿಸಿದ್ದು ನಾವು. ನಿಜವಾದ ಕೊಲೆ 9ನೇ ತಾರೀಖಿನದ್ದು. ತಾಯಿ ಮಗಳು 10ರಂದು ನಿಜಕ್ಕೂ ಸಿನಿಮಾಗೆ ಹೋಗಿದ್ದರು. ಅವರು ಪೊಲೀಸರಿಗೆ ಆ ದಿನದ ಬಗ್ಗೆ ಹೇಳಿದ ಮಾತು ಸತ್ಯ. ಸುಳ್ಳು ಅಲಿಬೈ ಹೇಗೆ ಕಟ್ಟಿದ್ದಾರೆ ಅಂತ ತಲೆಕೆಡಿಸಿಕೊಂಡ ಪೊಲೀಸರೂ ನಾವೂ, ಸುಳ್ಳೇ ಇಲ್ಲದ ಜಾಗದಲ್ಲಿ ಸುಳ್ಳು ಹುಡುಕುತ್ತಿದ್ವಿ. ಜ್ಯಾಮಿತಿಯ ಹಾಗೆ ಕಂಡ ಪ್ರಶ್ನೆ ಜ್ಯಾಮಿತಿ ಆಗಿರಲಿಲ್ಲ.

ಹಾಗಾದರೆ ಶವ ತೊಗಾಶಿಯದ್ದು ಅಂತ ಪೊಲೀಸರು ಹೇಗೆ ತೀರ್ಮಾನ ಮಾಡಿದರು? ಇದನ್ನು ನಾವು ಲ್ಯಾಬ್ ಭಾಷೆಯಲ್ಲೇ ನೋಡೋಣ. ಮುಖ, ಬೆರಳಚ್ಚು ಎರಡೂ ಇಲ್ಲ. ಹತ್ತಿರದಲ್ಲಿ ಕದ್ದ ಸೈಕಲ್ ಸಿಗುತ್ತೆ, ಅದರ ಮೇಲೆ ಬೆರಳಚ್ಚು ಇದೆ. ತೊಗಾಶಿ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಸಿಕ್ಕ ಕೂದಲು ಶವಕ್ಕೆ ಹೊಂದುತ್ತೆ, ಬೆರಳಚ್ಚು ಸೈಕಲ್ಲಿನದಕ್ಕೆ ಹೊಂದುತ್ತೆ. ಎಲ್ಲ ಅಳತೆಗಳೂ ಸರಿಯಾಗಿ ತಾಳೆ ಆಗುತ್ತವೆ. ತಪ್ಪು ಅಳತೆಯಲ್ಲಿ ಇರಲಿಲ್ಲ, ಹೋಲಿಸಲು ಇಟ್ಟುಕೊಂಡ ರೆಫರೆನ್ಸಿನಲ್ಲೇ ಇತ್ತು. ಆ ಕೋಣೆಯಲ್ಲಿ ಕೊನೆಯ ದಿನ ಇದ್ದವನು ತೊಗಾಶಿ ಅಲ್ಲ. ಇಶಿಗಾಮಿ ಅಲ್ಲಿಗೆ ಬೇರೊಬ್ಬನನ್ನು ಕಳಿಸಿದ್ದ. ಗುರುತು ಅಳಿಸಿದಂತೆ ತೋರಿಸಿ ಗುರುತನ್ನು ಬೇಕಂತಲೇ ಬಿಟ್ಟುಹೋಗಿದ್ದ. ಸೈಕಲ್ ಯಾಕೆ ಬಿಟ್ಟ, ಬಟ್ಟೆ ಯಾಕೆ ಪೂರ್ತಿ ಸುಡಲಿಲ್ಲ ಅನ್ನೋ ಸಣ್ಣ ಪ್ರಶ್ನೆಗಳಿಗೆಲ್ಲ ಇದೊಂದೇ ಉತ್ತರ.

ಆ ಬೇರೊಬ್ಬ ಯಾರು? ಇಲ್ಲಿ ಮೊದಲ ಅಧ್ಯಾಯಕ್ಕೆ ವಾಪಸ್ ಹೋಗಬೇಕು.

ಪುಸ್ತಕ ಶುರುವಾಗೋದೇ ಇಶಿಗಾಮಿ ಮನೆಯಿಂದ ಹೊರಟು ಸುಮಿದಾ ನದಿಯ ದಂಡೆಯಲ್ಲಿ ನಡೆದು ಹೋಗೋದರಿಂದ. ಅಲ್ಲಿ ನೀಲಿ ಟಾರ್ಪಾಲಿನ್ ಹೊದಿಸಿದ ಗುಡಿಸಲುಗಳು. ಮನೆ ಇಲ್ಲದವರು. ಒಬ್ಬ ಡಬ್ಬಗಳನ್ನು ಜಜ್ಜುತ್ತಿದ್ದಾನೆ. ಬೆಂಚಿನ ಮೇಲೆ ಇನ್ನೊಬ್ಬ, ಈಚೆಗೆ ಬಂದವನು, ಆ ಬದುಕಿಗೆ ಇನ್ನೂ ಪೂರ್ತಿ ಒಗ್ಗಿಕೊಳ್ಳದವನು. ಅವನ ಕೈಯಲ್ಲಿ ಕೈಗಾರಿಕೆಯ ತಾಂತ್ರಿಕ ಪತ್ರಿಕೆ. ಇಶಿಗಾಮಿ ಮನಸ್ಸಿನಲ್ಲೇ ಅವನಿಗೆ ಒಂದು ಹೆಸರು ಇಟ್ಟಿದ್ದಾನೆ: ಎಂಜಿನಿಯರ್.

ಅಷ್ಟೇ. ಇಶಿಗಾಮಿ ನಡೆದು ಮುಂದೆ ಹೋಗುತ್ತಾನೆ, ನಾವೂ ಹೋಗ್ತೀವಿ. ನಮಗೆ ಊಟದ ಅಂಗಡಿ ಬೇಕು, ಯಾಸುಕೊ ಬೇಕು, ಕಥೆ ಬೇಕು. ಆ ಮನುಷ್ಯನನ್ನು ಊರಿನ ವರ್ಣನೆ ಅಂತ ಲೆಕ್ಕಕ್ಕೆ ತೆಗೆದುಕೊಂಡು ಪುಟ ತಿರುಗಿಸ್ತೀವಿ. 10ನೇ ತಾರೀಖು ಸತ್ತವನು ಅವನೇ. ಇಶಿಗಾಮಿಯ ಕೈಯಲ್ಲಿ.

ಹಿಗಶಿನೋ ಈ ಕಥೆ ಬರೆಯುತ್ತಿದ್ದ ಕಾಲದ ಜಪಾನನ್ನು ಸ್ವಲ್ಪ ನೆನಪಿಸಿಕೊಳ್ಳಿ. 1990ರ ದಶಕದ ಆರಂಭದಲ್ಲಿ ಅಲ್ಲಿನ ಆರ್ಥಿಕತೆಯ ಗುಳ್ಳೆ ಒಡೆದು, ಜೀವನಪೂರ್ತಿ ಕೆಲಸ ಗ್ಯಾರಂಟಿ ಅಂದುಕೊಂಡಿದ್ದ ದೇಶದಲ್ಲಿ ಜನ ಕೆಲಸ ಕಳೆದುಕೊಂಡರು. ಟೋಕಿಯೋದ ನದಿ ದಂಡೆ, ಪಾರ್ಕುಗಳಲ್ಲಿ ನೀಲಿ ಟಾರ್ಪಾಲಿನ್ ಎದ್ದಿತು. 2003ರಲ್ಲಿ ಸರ್ಕಾರ ದೇಶದಾದ್ಯಂತ ಎಣಿಸಿದಾಗ ಮನೆ ಇಲ್ಲದವರು 25 ಸಾವಿರಕ್ಕಿಂತ ಹೆಚ್ಚು. ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರಲು ಶುರುವಾದದ್ದೂ ಅದೇ ವರ್ಷ. ಒಬ್ಬ ಮನುಷ್ಯ ಕಾಣೆಯಾದರೆ ಯಾರೂ ದೂರು ಕೊಡೋದಿಲ್ಲ, ಯಾರೂ ಹುಡುಕೋದಿಲ್ಲ ಅನ್ನುವ ಸ್ಥಿತಿ ಇದ್ದದ್ದರಿಂದಲೇ ಇಶಿಗಾಮಿಯ ಲೆಕ್ಕ ಸರಿಹೋಯಿತು. ಆ ಉಪಾಯಕ್ಕೆ ಬೇಕಾದ ಮುಖ್ಯ ಸಾಮಗ್ರಿ ಒದಗಿಸಿದ್ದು ಸಮಾಜ. ಸಾಮಾಜಿಕ ಪಂಥದ ದಾರಿ ಕೆಳಗೇ ಹರಿದಿತ್ತು ಅಂದದ್ದು ಇದಕ್ಕೆ.

ಇನ್ನು ಶೀರ್ಷಿಕೆ. ಮೂಲದಲ್ಲಿ ‘ಯೋಗಿಶಾ ಎಕ್ಸ್ ನೋ ಕೆನ್‌ಶಿನ್’. ಯೋಗಿಶಾ ಅಂದರೆ ಶಂಕಿತ. ಕೆನ್‌ಶಿನ್ ಅನ್ನೋದು ಎರಡು ಅಕ್ಷರಗಳ ಪದ: ‘ಕೆನ್’ ಅಂದರೆ ಅರ್ಪಿಸೋದು, ‘ಶಿನ್’ ಅಂದರೆ ಮೈ, ದೇಹ, ತಾನು. ತನ್ನನ್ನೇ ಅರ್ಪಿಸಿಕೊಳ್ಳೋದು. ಕನ್ನಡದಲ್ಲಿ ಭಕ್ತಿ ಅನ್ನೋದಕ್ಕಿಂತ ಸಮರ್ಪಣೆ ಅನ್ನೋದು ಹತ್ತಿರ. ಇಶಿಗಾಮಿ ತನ್ನ ಬದುಕನ್ನೇ ಕೊಟ್ಟ ಅನ್ನೋದು ನಿಜ, ಮುಗಿಯುವಾಗ ನಮ್ಮ ಕಣ್ಣು ಒದ್ದೆಯಾಗೋದೂ ನಿಜ. ಆದರೆ ಅರ್ಪಿಸಿದ ಮೈ ಅವನದ್ದೊಂದೇ ಅಲ್ಲ. ಇನ್ನೊಬ್ಬನ ಮೈಯೂ ಅದರಲ್ಲಿತ್ತು, ಆ ಇನ್ನೊಬ್ಬನನ್ನು ಯಾರೂ ಕೇಳಿರಲಿಲ್ಲ. ಕಥೆ ನಮಗೆ ಅವನ ಹೆಸರನ್ನೂ ಹೇಳೋದಿಲ್ಲ.

ಇದನ್ನು ಯುಕಾವಾ ಬಿಡಿಸಿ ಹೇಳುವಾಗ ಅವನಿಗೆ ಗೆದ್ದ ಸಂತೋಷ ಇರೋದಿಲ್ಲ, ಗಮನಿಸಿ. ಗೆಳೆಯನ ಬುದ್ಧಿಯನ್ನು ಮೆಚ್ಚಿದವನು ಅವನು. ಅಂಥ ಬುದ್ಧಿ ಒಬ್ಬ ಮನುಷ್ಯನನ್ನು ಸಮೀಕರಣದ ಒಂದು ಚರಾಂಕ ಅಂತ ನೋಡಿತಲ್ಲ ಅನ್ನೋದು ಅವನ ಸಂಕಟ. ಚಂದದ ಸಾಧನೆ ಬೇಕು ಅಂದವನು ಕೊನೆಗೆ ಮಾಡಿದ್ದು ಇದು.

ಇದು ನ್ಯಾಯವಾದ ಆಟವೇ?

ಪುಸ್ತಕಕ್ಕೆ ಪ್ರಶಸ್ತಿಗಳು ಬಂದಾಗ ಜಪಾನಿನಲ್ಲಿ ದೊಡ್ಡ ಚರ್ಚೆ ನಡೆಯಿತು. ರೇಟೊ ನಿಕೈಡೊ ಅನ್ನುವ ಪತ್ತೇದಾರಿ ಲೇಖಕ, ಇದು ಹೊನ್‌ಕಾಕು ಅಲ್ಲ, ನಿಜಾಂಶವನ್ನು ಓದುಗ ತಾನೇ ಕಂಡುಹಿಡಿಯಲು ಸಾಕಾಗುವಷ್ಟು ಸುಳಿವು ಕೊಟ್ಟಿಲ್ಲ ಅಂತ ವಾದಿಸಿದ. ಹಲವರು ಒಪ್ಪಲಿಲ್ಲ. ಕೊನೆಗೆ ಹೊನ್‌ಕಾಕು ಬರಹಗಳಿಗೆಂದೇ ಇರುವ ಪ್ರಶಸ್ತಿಯೂ ಇದಕ್ಕೇ ಬಂತು.

ನೀವು ಯಾವ ಪಕ್ಷ? ನನ್ನ ಓದಿನಲ್ಲಿ ಇದು ನ್ಯಾಯವಾದ ಆಟ. ತಾರೀಖು ಹೇಳದೆ ಬಿಟ್ಟದ್ದು ಮೋಸ ಅಲ್ಲ, ಹೇಳಿಲ್ಲ ಅನ್ನೋದು ನಮಗೆ ಕಾಣುತ್ತಲೇ ಇತ್ತು. ಎಂಜಿನಿಯರ್ ಮೊದಲ ಪುಟಗಳಲ್ಲೇ ಬೆಂಚಿನ ಮೇಲೆ ಕೂತಿದ್ದ. ಅವನನ್ನು ಯಾರೂ ಬಚ್ಚಿಡಲಿಲ್ಲ. ಆದರೆ ನಿಕೈಡೊ ಹೇಳಿದ್ದರಲ್ಲೂ ಅರ್ಥ ಇದೆ: ಇಷ್ಟರಿಂದ ‘ಹೀಗಿರಬಹುದು’ ಅನ್ನಬಹುದೇ ಹೊರತು ‘ಹೀಗೇ’ ಅಂತ ಸಾಧಿಸೋದು ಕಷ್ಟ. ಊಹೆ ಮತ್ತು ಸಾಧನೆಯ ನಡುವಿನ ಈ ಅಂತರದ ಬಗ್ಗೆ ಕ್ಲಬ್ಬಿನಲ್ಲಿ ಒಂದು ಸಂಜೆ ಜಗಳ ಆಡಬಹುದು, ಆಡಲೇಬೇಕು.

ನೀವೇ ಮಾಡಿ ನೋಡಿ

1. ಮೊದಲ ಅಧ್ಯಾಯದ ನಡಿಗೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನದಿ ದಂಡೆಯಲ್ಲಿ ಯಾರ್ಯಾರಿದ್ದಾರೆ ಪಟ್ಟಿ ಮಾಡಿ. ಕಥೆಯಲ್ಲಿ ಅದೇ ದಾರಿ ಮತ್ತೆ ಬಂದಾಗ ಯಾರಿದ್ದಾರೆ, ಯಾರಿಲ್ಲ ನೋಡಿ.

2. ಪೊಲೀಸರು ಯಾಸುಕೊಳಿಗೆ ಕೇಳಿದ ಪ್ರಶ್ನೆಗಳನ್ನು ಬರೆಯಿರಿ. ಅವರು ಒಂದೇ ಒಂದು ಪ್ರಶ್ನೆ ಬದಲಿಸಿ ಕೇಳಿದ್ದರೆ ಇಡೀ ಉಪಾಯ ಬೀಳುತ್ತಿತ್ತು. ಯಾವುದು?

3. ತರಗತಿಯಲ್ಲಿ ಮೊರಿಯೊಕಾ ಅನ್ನುವ ಹುಡುಗ ಕ್ಯಾಲ್ಕುಲಸ್‌ನಿಂದ ಏನು ಉಪಯೋಗ ಅಂತ ಕೇಳುವ ಭಾಗ ಓದಿ. ಅವನಿಗೆ ಬೈಕ್ ಇಷ್ಟ ಅಂತ ತಿಳಿದು ಇಶಿಗಾಮಿ ಬೈಕ್ ರೇಸಿನ ಉದಾಹರಣೆ ಕೊಡುತ್ತಾನೆ. ಹುಡುಗನ ಮನಸ್ಸು ಅರಿತು ಮಾತಾಡಬಲ್ಲ ಅದೇ ಮೇಷ್ಟ್ರು, ಬೆಂಚಿನ ಮೇಲಿದ್ದವನನ್ನು ಯಾಕೆ ಹಾಗೆ ನೋಡಲಿಲ್ಲ? ಒಂದು ಪುಟ ಬರೆಯಿರಿ.

ಎರಡನೇ ಸಲ ಓದುವಾಗ ಪುಸ್ತಕ ಓಡೋದಿಲ್ಲ, ನಾವೇ ನಿಧಾನ ಮಾಡ್ತೀವಿ. ಮೊದಲ ಸಲ ‘ಮುಂದೇನು?’ ಅಂತ ಓದಿದ ಸಾಲುಗಳನ್ನು ಈ ಸಲ ‘ಇಲ್ಲಿ ಯಾರಿದ್ದಾರೆ?’ ಅಂತ ಓದ್ತೀವಿ. ನಾಳೆ ಪ್ರಾಜೆಕ್ಟು, ಕೆಲಸ ಅಂತ ಹೋದಾಗಲೂ ನಮ್ಮ ಮುಂದೆ ಚಂದದ ಪರಿಹಾರಗಳು ಬರುತ್ತವೆ. ಎಲ್ಲ ತಾಳೆ ಆಗುತ್ತೆ, ಎಲ್ಲೂ ದೋಷ ಕಾಣೋದಿಲ್ಲ. ಆಗ ಒಪ್ಪಿಗೆಯ ಸಹಿ ಹಾಕುವ ಮುಂಚೆ ಈ ಪುಸ್ತಕದ ಮೊದಲ ಪುಟಗಳನ್ನು ನೆನಪು ಮಾಡಿಕೊಳ್ಳಿ. ತಾಂತ್ರಿಕ ಪತ್ರಿಕೆ ಹಿಡಿದು ಬೆಂಚಿನ ಮೇಲೆ ಒಬ್ಬ ಕೂತಿದ್ದ, ನಮ್ಮದೇ ಕಸುಬಿನವನು.